ಹೊಸ ಟಿವಿಯ ಬೆನ್ನ ಹಿಂದೆ: ಯಾವ ಕೇಬಲ್, ಯಾವ ಪೋರ್ಟ್?

ಹೊಸ ಟಿವಿ ಗೋಡೆಗೇರಿದೆ. ಪರದೆ ದೊಡ್ಡದು, ಡಬ್ಬಿಯ ಮೇಲೆ 4ಕೆ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಆದರೆ ಚಿತ್ರ ಮಾತ್ರ ಹಳೆಯ ಟಿವಿಗಿಂತಲೂ ಮಸುಕು. ಹೀಗೆ ದೂರುವವರ ಟಿವಿಯ ಹಿಂದೆ ಇಣುಕಿದರೆ ಬಹಳ ಸಲ ಸಿಗುವುದು ಹಳದಿ, ಕೆಂಪು, ಬಿಳಿ ಪಿನ್ನುಗಳ ಹಳೆಯ ಎವಿ ಕೇಬಲ್. ಹಳೆಯ ಟಿವಿಯಿಂದ ಬಿಚ್ಚಿದ್ದನ್ನೇ ಹೊಸದಕ್ಕೆ ಸಿಕ್ಕಿಸಿರುತ್ತಾರೆ. ಟಿವಿಯಲ್ಲಿ ದೋಷವಿಲ್ಲ, ಅದಕ್ಕೆ ತಲುಪುತ್ತಿರುವ ಚಿತ್ರವೇ ಅಷ್ಟು.

ಇನ್ನೊಂದು ತುದಿಯ ತಪ್ಪೂ ಅಷ್ಟೇ ಸಾಮಾನ್ಯ: ಚಿನ್ನದ ಲೇಪನದ, ನೈಲಾನ್ ಹೆಣಿಗೆಯ ದುಬಾರಿ ಕೇಬಲ್ ತಂದು, ಇನ್ನು ಬಣ್ಣ ಹೊಳೆಯುತ್ತದೆ ಎಂದು ಕಾಯುವುದು. ಎರಡೂ ತಪ್ಪಿನಲ್ಲಿ ಕಣ್ಣು ನೆಟ್ಟಿರುವುದು ಟಿವಿಯ ಮೇಲೆ. ಕೇಬಲ್ ಆರಿಸಬೇಕಾದದ್ದು ಟಿವಿಗೆ ಚಿತ್ರ ಕಳಿಸುವ ಸಾಧನವನ್ನು ನೋಡಿ. ಆದ್ದರಿಂದ ಕೊಳ್ಳುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ.

1. ಸಾಧನಗಳ ಪಟ್ಟಿ ಬರೆಯಿರಿ

ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್, ಡಿವಿಡಿ ಅಥವಾ ಬ್ಲೂ-ರೇ ಪ್ಲೇಯರ್, ಗೇಮ್ ಕನ್ಸೋಲ್, ಲ್ಯಾಪ್‌ಟಾಪ್, ಸೌಂಡ್‌ಬಾರ್: ಟಿವಿಗೆ ಜೋಡಿಸಲಿರುವ ಎಲ್ಲವನ್ನೂ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ವಿಷಯ ಇರಲಿ. ಅದರಲ್ಲಿ ಯಾವ ಸಾಕೆಟ್ ಇದೆ? ಅದು ಹೆಚ್ಚೆಂದರೆ ಎಂಥ ಚಿತ್ರ ಕೊಡಬಲ್ಲದು? ಅಲ್ಲಿಂದ ಟಿವಿಗೆ ಎಷ್ಟು ದೂರ? ದೂರವನ್ನು ಗಾಳಿಯಲ್ಲಿ ಅಳೆಯಬೇಡಿ. ತಂತಿ ಗೋಡೆಯ ಅಂಚು ಹಿಡಿದು, ಮೇಜಿನ ಹಿಂದೆ ಸುತ್ತಿ ಹೋಗುವ ದಾರಿಯನ್ನು ಅಳೆಯಿರಿ.

ಎಂಥ ಚಿತ್ರ ಎಂಬುದಕ್ಕೆ ಎರಡು ಸಂಖ್ಯೆ ಸಾಕು. ಒಂದು, ಚಿತ್ರದಲ್ಲಿರುವ ಚುಕ್ಕಿಗಳ ಲೆಕ್ಕ: 720ಪಿ ಎಂದರೆ 1280×720, ಫುಲ್ ಎಚ್‌ಡಿ ಎಂದರೆ 1920×1080, 4ಕೆ ಎಂದರೆ 3840×2160. ಇನ್ನೊಂದು, ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು: ಸಿನಿಮಾಕ್ಕೆ 24, ಟಿವಿ ಪ್ರಸಾರಕ್ಕೆ ಸಾಮಾನ್ಯವಾಗಿ 50 ಅಥವಾ 60, ಹೊಸ ಗೇಮ್ ಕನ್ಸೋಲ್‌ಗೆ 120ರವರೆಗೆ. ಡಿವಿಡಿಯಲ್ಲಿ ಇರುವುದೇ 480 ಅಥವಾ 576 ಸಾಲು. ಅದನ್ನು ಯಾವ ಕೇಬಲ್‌ನಲ್ಲಿ ಹರಿಸಿದರೂ ಎಚ್‌ಡಿ ಆಗುವುದಿಲ್ಲ. ಟಿವಿ ಹಿಗ್ಗಿಸಿ ತೋರಿಸುತ್ತದೆ, ಅಷ್ಟೇ.

ಪಟ್ಟಿ ಬರೆಯುವಾಗಲೇ ಕೆಲವರಿಗೆ ಒಂದು ಸತ್ಯ ಹೊಳೆಯಬಹುದು: ನೋಡುವುದೆಲ್ಲ ಟಿವಿಯೊಳಗಿನ ಆ್ಯಪ್‌ಗಳಲ್ಲೇ. ಹಾಗಿದ್ದರೆ ವಿಡಿಯೊ ಕೇಬಲ್ ಬೇಕೇ ಇಲ್ಲ. ವೈ-ಫೈ ಅಥವಾ ಒಂದು ನೆಟ್‌ವರ್ಕ್ ಕೇಬಲ್ ಸಾಕು. ಬಹುತೇಕ ಟಿವಿಗಳ ಈಥರ್ನೆಟ್ ಸಾಕೆಟ್ ಸೆಕೆಂಡಿಗೆ 100 ಮೆಗಾಬಿಟ್‌ಗೇ ನಿಲ್ಲುತ್ತದೆ, ಆದರೆ 4ಕೆ ಸ್ಟ್ರೀಮಿಂಗ್‌ಗೆ ಅದು ಧಾರಾಳ.

2. ಗೋಡೆಗೇರಿಸುವ ಮೊದಲು ಹಿಂಬದಿ ಓದಿ

ಟಿವಿಯನ್ನು ಗೋಡೆಗೆ ತಗುಲಿಸಿದ ಮೇಲೆ ಹಿಂಬದಿಯನ್ನು ಓದುವುದು ಕನ್ನಡಿ, ಟಾರ್ಚ್ ಹಿಡಿದು ಮಾಡುವ ಸರ್ಕಸ್ಸು. ಮೊದಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಫೋಟೊದಲ್ಲಿ ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್‌ನಲ್ಲಿ ಒಯ್ಯುವ ಎಚ್‌ಡಿಎಂಐ ಪೋರ್ಟ್ ಮೂರೋ ನಾಲ್ಕೋ ಕಾಣುತ್ತವೆ. ನೋಡಲು ಎಲ್ಲವೂ ಒಂದೇ, ಒಳಗೆ ಒಂದೇ ಅಲ್ಲ. ಪಕ್ಕದ ಸಣ್ಣ ಅಕ್ಷರಗಳನ್ನು ಓದಿ. ಎಆರ್‌ಸಿ ಅಥವಾ ಇಎಆರ್‌ಸಿ (ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ ಸೌಲಭ್ಯ) ಎಂದಿದ್ದರೆ ಅದು ಸೌಂಡ್‌ಬಾರಿನ ಜಾಗ. 4ಕೆ 120 ಹರ್ಟ್ಜ್, ಅಂದರೆ ಸೆಕೆಂಡಿಗೆ 120 ಚಿತ್ರ, ಎಂದಿದ್ದರೆ ಗೇಮ್ ಕನ್ಸೋಲಿನದು. ಎಸ್‌ಟಿಬಿ ಎಂದಿದ್ದರೆ ಸೆಟ್‌ಟಾಪ್ ಬಾಕ್ಸಿನದು, ಆದರೆ ಇದು ಬರಿಯ ಸಲಹೆ. ಬೇರೆ ಪೋರ್ಟಿಗೆ ಹಾಕಿದರೂ ಬಾಕ್ಸ್ ಕೆಲಸ ಮಾಡುತ್ತದೆ.

ಇಲ್ಲೊಂದು ತೊಡಕಿದೆ. ಹಲವು ಟಿವಿಗಳಲ್ಲಿ 120 ಹರ್ಟ್ಜ್ ತಾಳುವ ಪೋರ್ಟ್ ಎರಡೇ ಇರುತ್ತವೆ, ಅವುಗಳಲ್ಲಿ ಒಂದು ಇಎಆರ್‌ಸಿ ಪೋರ್ಟೂ ಆಗಿರುತ್ತದೆ. ಸೌಂಡ್‌ಬಾರ್ ಅಲ್ಲಿ ಕುಳಿತರೆ ಉಳಿಯುವುದು ಒಂದೇ. ಎರಡು ಕನ್ಸೋಲ್ ಇರುವ ಮನೆಯವರು ಇದನ್ನು ಟಿವಿ ಕೊಳ್ಳುವ ಮೊದಲೇ ನೋಡಬೇಕು.

ಜಾಹೀರಾತಿನಲ್ಲಿ ಕಾಣುವ ‘ಎಚ್‌ಡಿಎಂಐ 2.1’ ಎಂಬ ಸಂಖ್ಯೆಯನ್ನು ನಂಬಿ ಕೂರಬೇಡಿ. 2.1 ಆವೃತ್ತಿಯ ಹೊಸ ಸೌಲಭ್ಯಗಳು ಬಹುಪಾಲು ಐಚ್ಛಿಕ. ಅವುಗಳಲ್ಲಿ ಒಂದೆರಡನ್ನಷ್ಟೇ ಅಳವಡಿಸಿದ ಟಿವಿಯೂ ಆ ಸಂಖ್ಯೆ ಹಾಕಿಕೊಳ್ಳಬಹುದು. 4ಕೆ 120 ಹರ್ಟ್ಜ್ ಇದೆಯೇ, ಆಟದ ವೇಗಕ್ಕೆ ತಕ್ಕಂತೆ ಪರದೆಯ ವೇಗ ಬದಲಿಸುವ ವಿಆರ್‌ಆರ್ ಇದೆಯೇ, ಇಎಆರ್‌ಸಿ ಇದೆಯೇ ಎಂದು ಒಂದೊಂದಾಗಿ ಕೇಳಿ. ನಿಖರ ಉತ್ತರ ಸಿಗುವುದು ಕೈಪಿಡಿಯಲ್ಲಿ.

3. ಹಳೆಯ ಸಾಕೆಟ್‌ಗಳನ್ನು ಯಾವಾಗ ಬಳಸಬೇಕು

ಸಾಧನದಲ್ಲಿ ಎಚ್‌ಡಿಎಂಐ ಇದ್ದರೆ ಬೇರೆ ಯೋಚನೆ ಬೇಡ, ಅದನ್ನೇ ಬಳಸಿ. ಇಲ್ಲದಿದ್ದರೆ ಮಾತ್ರ ಈ ಭಾಗ ಓದಿ.

ಹಳದಿ ಪಿನ್ನಿನ ಕಾಂಪೊಸಿಟ್ ವಿಡಿಯೊ ಇಡೀ ಚಿತ್ರವನ್ನು, ಬಣ್ಣ ಬೆಳಕು ಎರಡನ್ನೂ ಬೆರೆಸಿ, ಒಂದೇ ತಂತಿಯಲ್ಲಿ ಕಳಿಸುತ್ತದೆ. ಎಚ್‌ಡಿ ಚಿತ್ರ ಅದರಲ್ಲಿ ಹೋಗುವುದೇ ಇಲ್ಲ. ಹಳೆಯ ವಿಸಿಆರ್, ಹಳೆಯ ಕ್ಯಾಮ್‌ಕಾರ್ಡರ್‌ಗಳಿಗೆ ಅದೇ ಗತಿ, ಅದೇ ಸಾಕು. ನಾಲ್ಕು ಸಣ್ಣ ಪಿನ್ನುಗಳ ಎಸ್-ವಿಡಿಯೊ ಬಣ್ಣವನ್ನೂ ಬೆಳಕನ್ನೂ ಬೇರ್ಪಡಿಸುವುದರಿಂದ ತುಸು ಉತ್ತಮ, ಆದರೆ ಹೊಸ ಟಿವಿಗಳಲ್ಲಿ ಅದು ಸಿಗುವುದೇ ಅಪರೂಪ. ಹಸಿರು, ನೀಲಿ, ಕೆಂಪು ಪಿನ್ನುಗಳ ಕಾಂಪೊನೆಂಟ್ ಕೇಬಲ್ ಈ ಅನಲಾಗ್ ಗುಂಪಿನಲ್ಲಿ ಎಲ್ಲಕ್ಕಿಂತ ಮೇಲು. 720ಪಿ, 1080ಐ (ಸಾಲು ಬಿಟ್ಟು ಸಾಲು ಕಳಿಸುವ 1080) ಎಚ್‌ಡಿ ಚಿತ್ರ ಅದರಲ್ಲಿ ಚೆನ್ನಾಗಿಯೇ ಹರಿಯುತ್ತದೆ. ಅದು ಒಯ್ಯುವುದು ಚಿತ್ರ ಮಾತ್ರ, ಧ್ವನಿಗೆ ಕೆಂಪು-ಬಿಳಿ ಜೋಡಿ ಬೇರೆ ಬೇಕು. ಹೀಗೆ ಒಂದೇ ಕಟ್ಟಿನಲ್ಲಿ ಎರಡು ಕೆಂಪು ಪಿನ್ ಬಂದು ಅದಲುಬದಲಾಗುವುದು ಮಾಮೂಲು.

ಇತ್ತೀಚಿನ ಟಿವಿಗಳು ಜಾಗ ಉಳಿಸಲು ಹಳದಿ ಸಾಕೆಟ್ಟನ್ನು ಹಸಿರಿನೊಂದಿಗೆ ಸೇರಿಸಿಬಿಟ್ಟಿವೆ. ಹಳದಿ ಪಿನ್ನನ್ನು ಅಲ್ಲಿಗೆ ಹಾಕಿ ಮೆನುವಿನಲ್ಲಿ ಕಾಂಪೊನೆಂಟ್ ಆರಿಸಿದರೆ ಚಿತ್ರ ಕಪ್ಪು-ಬಿಳುಪಾಗಿ ಬರುತ್ತದೆ. ಟಿವಿ ಕೆಟ್ಟಿಲ್ಲ; ಇನ್‌ಪುಟ್ ಅನ್ನು ಎವಿಗೆ ಬದಲಿಸಿ. ಇನ್ನು ಕೆಲವು ಟಿವಿಗಳಲ್ಲಿ ಹೆಡ್‌ಫೋನ್ ಸಾಕೆಟ್‌ನಂತಹ ಒಂದು ಚಿಕ್ಕ ತೂತು ಮಾತ್ರ ಇದ್ದು, ಅದಕ್ಕೊಂದು ಅಡಾಪ್ಟರ್ ತಂತಿಯನ್ನು ಡಬ್ಬಿಯಲ್ಲೇ ಕೊಟ್ಟಿರುತ್ತಾರೆ. ಅದನ್ನು ಎಸೆಯಬೇಡಿ. ಆ ತಂತಿಯ ಒಳಜೋಡಣೆ ಎಲ್ಲ ತಯಾರಕರಲ್ಲೂ ಒಂದೇ ಅಲ್ಲ, ಇನ್ನೊಂದು ಟಿವಿಯದ್ದು ಹೊಂದದಿರಬಹುದು.

1987ರಲ್ಲಿ ಬಂದ, 15 ಪಿನ್ನಿನ ವಿಜಿಎ ಕಂಪ್ಯೂಟರಿನದು, ಅನಲಾಗ್, ಧ್ವನಿಯಿಲ್ಲ. 1999ರ ಡಿವಿಐ ಮಾತ್ರ ಬೇರೆ. ಅದರ ಡಿಜಿಟಲ್ ಸಂಕೇತವೂ ಎಚ್‌ಡಿಎಂಐ ಸಂಕೇತವೂ ಒಂದೇ ಕುಲದವು. ಹಾಗಾಗಿ ಡಿವಿಐ–ಎಚ್‌ಡಿಎಂಐ ಕೇಬಲ್ ಯಾವ ವಿದ್ಯುತ್ತೂ ಪರಿವರ್ತಕವೂ ಇಲ್ಲದೆ ಕೆಲಸ ಮಾಡುತ್ತದೆ. ಅದೇ ನಂಬಿಕೆಯಲ್ಲಿ ವಿಜಿಎಗೂ ಬರಿಯ ತಂತಿ ಕೊಂಡರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅನಲಾಗ್‌ನಿಂದ ಡಿಜಿಟಲ್‌ಗೆ ಹೋಗಲು ನಡುವೆ ಚಿಪ್ ಇರುವ, ವಿದ್ಯುತ್ ಬೇಡುವ ಪರಿವರ್ತಕ ಬೇಕೇ ಬೇಕು.

4. ಎಚ್‌ಡಿಎಂಐ ಕೇಬಲ್: ಸಂಖ್ಯೆಯಲ್ಲ, ದರ್ಜೆ ನೋಡಿ

ಎಚ್‌ಡಿಎಂಐಯ ಮೊದಲ ಆವೃತ್ತಿ ಬಂದದ್ದು 2002ರ ಕೊನೆಯಲ್ಲಿ. ಅಂದಿನಿಂದ ಇಂದಿನವರೆಗೆ ಟಿವಿಗೆ ಹಾಕುವ ಪ್ಲಗ್ಗಿನ ಆಕಾರ ಅದೇ, 19 ಪಿನ್ ಅವೇ. ಗೊಂದಲಕ್ಕೆ ಕಾರಣವೂ ಅದೇ: ಯಾವ ಕೇಬಲ್ ಆದರೂ ಯಾವ ಪೋರ್ಟಿಗಾದರೂ ಹಿಡಿಸುತ್ತದೆ.

1.4, 2.0, 2.1 ಎಂಬ ಆವೃತ್ತಿ ಸಂಖ್ಯೆಗಳು ಸಾಧನಗಳಿಗೆ ಸೇರಿದವು. ಕೇಬಲ್‌ಗಳಿಗೆ ಅಧಿಕೃತವಾಗಿ ಇರುವುದು ದರ್ಜೆಯ ಹೆಸರು: ಸ್ಟ್ಯಾಂಡರ್ಡ್, ಹೈ ಸ್ಪೀಡ್, ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್. ಸ್ಟ್ಯಾಂಡರ್ಡ್ ದರ್ಜೆ 720ಪಿ, 1080ಐ ಚಿತ್ರಕ್ಕಷ್ಟೇ ಪರೀಕ್ಷೆಯಾದದ್ದು. ಹೊಸದಾಗಿ ಕೊಳ್ಳುವವರು ಅದನ್ನು ಮರೆತುಬಿಡಬಹುದು. ಹೈ ಸ್ಪೀಡ್ ಸೆಕೆಂಡಿಗೆ 10.2 ಗಿಗಾಬಿಟ್, ಪ್ರೀಮಿಯಂ 18 ಗಿಗಾಬಿಟ್, ಅಲ್ಟ್ರಾ 48 ಗಿಗಾಬಿಟ್ ತಾಳುತ್ತವೆ. 2025ರಲ್ಲಿ 2.2 ಆವೃತ್ತಿಯೊಂದಿಗೆ 96 ಗಿಗಾಬಿಟ್‌ನ ಅಲ್ಟ್ರಾ96 ಎಂಬ ಇನ್ನೊಂದು ದರ್ಜೆ ಪ್ರಕಟವಾಯಿತು. ಇಂದಿನ ಮನೆ ಟಿವಿಗೆ ಅದರ ಹಂಗಿಲ್ಲ.

ಈ ಅಂಕಿಗಳು ಎಲ್ಲಿಂದ ಬಂದವು ಎಂದು ತಿಳಿದರೆ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ. ಫುಲ್ ಎಚ್‌ಡಿ ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕಿ. ಒಂದೊಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್, ಸೆಕೆಂಡಿಗೆ 60 ಚಿತ್ರ. ಗುಣಿಸಿದರೆ ಸುಮಾರು 3 ಗಿಗಾಬಿಟ್. ಚಿತ್ರ ಚಿತ್ರದ ನಡುವಿನ ಬಿಡುವು, ಸಂಕೇತ ಕೆಡದಂತೆ ಸೇರಿಸುವ ಹೆಚ್ಚುವರಿ ಬಿಟ್‌ಗಳು ಎಲ್ಲ ಸೇರಿ ತಂತಿಯಲ್ಲಿ ಹರಿಯುವುದು ಸುಮಾರು 4.5 ಗಿಗಾಬಿಟ್. ಹೈ ಸ್ಪೀಡ್ ಕೇಬಲ್‌ಗೆ ಇದು ಏನೂ ಅಲ್ಲ. 4ಕೆ ಚಿತ್ರದಲ್ಲಿ ಚುಕ್ಕಿ ನಾಲ್ಕು ಪಟ್ಟು, ಹೊರೆಯೂ ನಾಲ್ಕು ಪಟ್ಟು: 60 ಹರ್ಟ್ಜ್‌ನಲ್ಲಿ 17.8 ಗಿಗಾಬಿಟ್. ಪ್ರೀಮಿಯಂ ದರ್ಜೆಯ ಮಿತಿ 18 ಇರುವುದು ಇದಕ್ಕೇ. 120 ಹರ್ಟ್ಜ್‌ಗೆ ಹೋದರೆ ಅದೂ ಸಾಲದು.

ಅಂದರೆ, ಸೆಟ್‌ಟಾಪ್ ಬಾಕ್ಸ್ ಫುಲ್ ಎಚ್‌ಡಿಯದಾದರೆ ಡ್ರಾಯರ್‌ನಲ್ಲಿ ಬಿದ್ದಿರುವ ಹಳೆಯ ಹೈ ಸ್ಪೀಡ್ ಕೇಬಲ್ ಧಾರಾಳ ಸಾಕು. 4ಕೆ ಸ್ಟ್ರೀಮಿಂಗ್ ಪೆಟ್ಟಿಗೆಗೆ, 4ಕೆ ಬ್ಲೂ-ರೇಗೆ ಪ್ರೀಮಿಯಂ. 120 ಹರ್ಟ್ಜ್ ಆಡುವ ಕನ್ಸೋಲಿಗೆ, ಗೇಮಿಂಗ್ ಕಂಪ್ಯೂಟರಿಗೆ ಅಲ್ಟ್ರಾ. ಸಾಧನದ ಡಬ್ಬಿಯಲ್ಲೇ ಬಂದ ಕೇಬಲ್ ಸಾಮಾನ್ಯವಾಗಿ ಆ ಸಾಧನಕ್ಕೆ ತಕ್ಕದ್ದೇ ಆಗಿರುತ್ತದೆ, ಮೊದಲು ಅದನ್ನು ಬಳಸಿ ನೋಡಿ.

ಪ್ರೀಮಿಯಂ, ಅಲ್ಟ್ರಾ ಎಂಬ ಹೆಸರುಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಬಿಡಬಹುದಲ್ಲವೇ? ಹಾಕುತ್ತಾರೆ. ಅದಕ್ಕೇ ಈ ಎರಡು ದರ್ಜೆಗೆ ಕಡ್ಡಾಯ ಪರೀಕ್ಷೆಯಿದೆ, ಪಾಸಾದ ಕೇಬಲ್‌ನ ಡಬ್ಬಿಯ ಮೇಲೆ ಸ್ಕ್ಯಾನ್ ಮಾಡಬಹುದಾದ ಪ್ರಮಾಣಪತ್ರದ ಚೀಟಿ ಅಂಟಿಸಿರುತ್ತಾರೆ. ಎಚ್‌ಡಿಎಂಐ ಸಂಸ್ಥೆಯ ಮೊಬೈಲ್ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ನನ್ನ ಮಟ್ಟಿಗೆ ಕೇಬಲ್ ಕೊಳ್ಳುವಾಗ ನೋಡಬೇಕಾದ ಗುರುತು ಇದೊಂದೇ. ‘8ಕೆ’, ‘ಪ್ರೊ’, ‘24 ಕ್ಯಾರಟ್’ ಎಲ್ಲ ಡಬ್ಬಿಯ ಅಲಂಕಾರ.

ಚಿನ್ನದ ಲೇಪನ ತುಕ್ಕು ಹಿಡಿಯದಂತೆ ಕಾಯುತ್ತದೆ. ತೇವದ ಗಾಳಿಯಲ್ಲಿ ಅದಕ್ಕೊಂದು ಅರ್ಥವಿದೆ, ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಎಚ್‌ಡಿಎಂಐಯಲ್ಲಿ ಹರಿಯುವುದು ಸೊನ್ನೆ-ಒಂದುಗಳ ಡಿಜಿಟಲ್ ಸಂಕೇತ. ಸೊನ್ನೆ ಸೊನ್ನೆಯಾಗಿ, ಒಂದು ಒಂದಾಗಿ ತಲುಪಿದರೆ ಚಿತ್ರ ಸಂಪೂರ್ಣ. ಅದಕ್ಕಿಂತ ಹೆಚ್ಚು ಸಂಪೂರ್ಣ ಮಾಡಲು ಯಾವ ದುಬಾರಿ ತಂತಿಗೂ ಆಗದು. ಕೆಟ್ಟ ಕೇಬಲ್ ಚಿತ್ರವನ್ನು ಮಸುಕು ಮಾಡುವುದಿಲ್ಲ, ಬಣ್ಣ ಪೇಲವ ಮಾಡುವುದಿಲ್ಲ. ಅದು ಮಿನುಗುವ ಬಿಳಿ ಚುಕ್ಕಿ ತರುತ್ತದೆ, ಆಗಾಗ ಎರಡು ಕ್ಷಣ ಪರದೆ ಕಪ್ಪಾಗಿಸುತ್ತದೆ, ಅಥವಾ ಚಿತ್ರವನ್ನೇ ಕೊಡುವುದಿಲ್ಲ. ಚಿತ್ರ ಬರುತ್ತಿದೆ, ಆದರೆ ಮಂಕಾಗಿದೆ ಎಂದಾದರೆ ಕೇಬಲ್ ಬಿಟ್ಟು ಸೆಟ್ಟಿಂಗ್ ಕಡೆ ನೋಡಿ.

5. ಉದ್ದ ಹೆಚ್ಚಾದಷ್ಟೂ ಎಚ್ಚರ

ಹಣವನ್ನು ಸಾರ್ಥಕವಾಗಿ ಖರ್ಚು ಮಾಡಬಹುದಾದ ಜಾಗ ಇದು. ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಂತೆ ಸಂಕೇತ ಸೊರಗುತ್ತದೆ, ವೇಗ ಹೆಚ್ಚಿದ್ದಷ್ಟೂ ಬೇಗ ಸೊರಗುತ್ತದೆ. ಎರಡು-ಮೂರು ಮೀಟರ್ ಒಳಗೆ ಯಾವ ಚಿಂತೆಯೂ ಇಲ್ಲ. 48 ಗಿಗಾಬಿಟ್‌ಗೆ ಸಾಮಾನ್ಯ ತಾಮ್ರದ ಕೇಬಲ್ ಐದು ಮೀಟರ್ ಆಸುಪಾಸಿನಲ್ಲೇ ಏದುಸಿರು ಬಿಡುತ್ತದೆ. ಫುಲ್ ಎಚ್‌ಡಿಯಾದರೆ ಇನ್ನೂ ದೂರ ಹೋಗುತ್ತದೆ.

ಹತ್ತು ಮೀಟರಿನಾಚೆ ಗೋಡೆಯೊಳಗೆ ಹಾಯಿಸಬೇಕಾದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಒಳ್ಳೆಯದು. ಅದರೊಳಗೆ ಚಿತ್ರ ಬೆಳಕಾಗಿ ಗಾಜಿನ ಎಳೆಯಲ್ಲಿ ಸಾಗುತ್ತದೆ. ಆದರೆ ಇದಕ್ಕೆ ದಿಕ್ಕಿದೆ: ಒಂದು ತುದಿ ಸೋರ್ಸ್, ಇನ್ನೊಂದು ಡಿಸ್‌ಪ್ಲೇ ಎಂದು ಗುರುತಿಸಿರುತ್ತದೆ. ಗೋಡೆಯೊಳಗೆ ತಿರುಗುಮುರುಗಾಗಿ ಎಳೆದು ಗಾರೆ ಮುಚ್ಚಿದಿರೋ, ಮತ್ತೆ ಗೋಡೆ ಒಡೆಯಬೇಕು. ಹೂಳುವ ಮೊದಲು ಎರಡೂ ತುದಿ ಜೋಡಿಸಿ ಚಿತ್ರ ನೋಡಿ. ಸಾಧ್ಯವಾದರೆ ಕೇಬಲನ್ನು ಹೂಳದೆ ಪೈಪಿನೊಳಗೆ ಹಾಯಿಸಿ, ಹತ್ತು ವರ್ಷದ ನಂತರ ಬೇರೆಯದನ್ನು ಎಳೆಯಬಹುದು. ಎರಡು ಚಿಕ್ಕ ಕೇಬಲ್‌ಗಳನ್ನು ಜೋಡಿಸಿ ಉದ್ದ ಮಾಡುವ ಕಪ್ಲರ್ ಮಾತ್ರ 4ಕೆಗೆ ಬೇಡ. ಪ್ರತಿ ಜೋಡಣೆಯಲ್ಲೂ ಸಂಕೇತ ಒಂದಿಷ್ಟು ಸೋರುತ್ತದೆ.

ಟಿವಿ ಗೋಡೆಗೆ ಅಂಟಿಕೊಂಡಂತೆ ಕೂರುವುದಾದರೆ ಪ್ಲಗ್ ನೇರವಾಗಿ ಹಿಂದಕ್ಕೆ ಚಾಚಿ ಬಾಗುತ್ತದೆ, ಪೋರ್ಟಿನ ಬೆಸುಗೆಯ ಮೇಲೆ ಭಾರ ಬೀಳುತ್ತದೆ. ಪೋರ್ಟ್ ಮುರಿದರೆ ಬೋರ್ಡನ್ನೇ ಬದಲಿಸಬೇಕಾಗಬಹುದು. ಪಕ್ಕಕ್ಕೆ ಬಾಯಿ ಇರುವ ಪೋರ್ಟ್ ಬಳಸಿ, ಇಲ್ಲವೇ ಎಲ್ ಆಕಾರದ ಪ್ಲಗ್ಗಿನ ಕೇಬಲ್ ಕೊಳ್ಳಿ.

6. ಧ್ವನಿಗೆ ಪ್ರತ್ಯೇಕ ಯೋಚನೆ

ಸೌಂಡ್‌ಬಾರ್ ಇದ್ದರೆ ಅದರ ಎಚ್‌ಡಿಎಂಐ ತುದಿ ಟಿವಿಯ ಎಆರ್‌ಸಿ ಅಥವಾ ಇಎಆರ್‌ಸಿ ಪೋರ್ಟಿಗೇ ಹೋಗಬೇಕು. ಬೇರೆ ಪೋರ್ಟಿಗೆ ಹಾಕಿದರೆ ಸದ್ದೇ ಬರುವುದಿಲ್ಲ. ಟಿವಿಯ ಧ್ವನಿ ಹಿಮ್ಮುಖವಾಗಿ ಹೊರಗೆ ಬರುವ ದಾರಿ ಅಲ್ಲಿ ಮಾತ್ರ ಇದೆ. 2009ರ 1.4 ಆವೃತ್ತಿಯಲ್ಲಿ ಬಂದ ಎಆರ್‌ಸಿ ಸಂಕುಚಿತಗೊಳಿಸಿದ 5.1 ಧ್ವನಿ ಒಯ್ಯುತ್ತದೆ. 2017ರ 2.1ರೊಂದಿಗೆ ಬಂದ ಇಎಆರ್‌ಸಿ ಬ್ಲೂ-ರೇಯ ನಷ್ಟವಿಲ್ಲದ ಧ್ವನಿಯನ್ನೂ ಒಯ್ಯುತ್ತದೆ. ಸ್ಟ್ರೀಮಿಂಗ್ ಮಾತ್ರ ನೋಡುವವರಿಗೆ ಎಆರ್‌ಸಿ ಸಾಕು. ಇಎಆರ್‌ಸಿ ಬಳಸುವುದಾದರೆ ಈಥರ್ನೆಟ್ ಸಹಿತ ಎಂದು ಬರೆದ ಹೈ ಸ್ಪೀಡ್ ಕೇಬಲ್ ಅಥವಾ ಅಲ್ಟ್ರಾ ಹೈ ಸ್ಪೀಡ್ ಇರಲಿ. ಧ್ವನಿ ಹರಿಯುವುದು ಆ ಈಥರ್ನೆಟ್ ಎಳೆಗಳಲ್ಲೇ.

ಸಿಇಸಿ ಎಂಬ ಸೌಲಭ್ಯವನ್ನೂ ಮೆನುವಿನಲ್ಲಿ ಚಾಲೂ ಮಾಡಬೇಕಾಗುತ್ತದೆ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಕೆಲಸ ಒಂದೇ: ಒಂದೇ ರಿಮೋಟಿನಲ್ಲಿ ಎರಡೂ ಸಾಧನದ ಧ್ವನಿ ಏರಿಳಿಸುವುದು, ಒಟ್ಟಿಗೆ ಆನ್ ಆಫ್ ಮಾಡುವುದು.

ಹಳೆಯ ಆಂಪ್ಲಿಫೈಯರ್‌ನಲ್ಲಿ ಎಚ್‌ಡಿಎಂಐ ಇಲ್ಲದಿದ್ದರೆ ಟಿವಿಯ ಆಪ್ಟಿಕಲ್ ಸಾಕೆಟ್ ಬಳಸಿ.

7. ಲ್ಯಾಪ್‌ಟಾಪ್ ಜೋಡಿಸುವವರಿಗೆ

ಟೈಪ್-ಸಿ ಸಾಕೆಟ್ ಇದ್ದ ಮಾತ್ರಕ್ಕೆ ಚಿತ್ರ ಹೊರಬರುತ್ತದೆ ಎಂದಲ್ಲ. ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅಥವಾ ಥಂಡರ್‌ಬೋಲ್ಟ್ (ಆ ಸಾಕೆಟ್‌ನಿಂದ ಚಿತ್ರ ಕಳಿಸುವ ಸೌಲಭ್ಯಗಳು) ಎಂದು ಕೈಪಿಡಿಯಲ್ಲಿ ಇದ್ದರೆ ಮಾತ್ರ ಅಡಾಪ್ಟರ್ ಕೊಳ್ಳಿ. ಅಡಾಪ್ಟರ್ 4ಕೆ 60 ಹರ್ಟ್ಜ್ ಕೊಡುತ್ತದೆಯೇ ಎಂದೂ ನೋಡಿ. ಅಗ್ಗದವು 30 ಹರ್ಟ್ಜ್‌ಗೇ ನಿಲ್ಲುತ್ತವೆ, ಆಗ ಮೌಸ್ ಬಾಣ ಕುಂಟುತ್ತಾ ಓಡುತ್ತದೆ. ಡಿಸ್‌ಪ್ಲೇಪೋರ್ಟ್–ಎಚ್‌ಡಿಎಂಐ ಕೇಬಲ್ ಒಂದೇ ದಿಕ್ಕಿನದು, ಡಿಸ್‌ಪ್ಲೇಪೋರ್ಟ್ ತುದಿ ಕಂಪ್ಯೂಟರ್ ಕಡೆಗಿರಬೇಕು.

ಪರದೆಯ ಅಕ್ಷರಗಳ ಅಂಚಿನಲ್ಲಿ ಬಣ್ಣದ ನೆರಳು ಕಂಡರೆ, ಬಣ್ಣದ ಮಾಹಿತಿಯನ್ನು ಎಲ್ಲೋ ಕಡಿತ ಮಾಡಲಾಗುತ್ತಿದೆ ಎಂದರ್ಥ. ಸಿನಿಮಾದಲ್ಲಿ ಕಣ್ಣಿಗೆ ಬೀಳದ ಈ ಕಡಿತ ಸಣ್ಣ ಅಕ್ಷರಗಳಲ್ಲಿ ಎದ್ದು ಕಾಣುತ್ತದೆ. ಟಿವಿಯ ಆ ಇನ್‌ಪುಟ್‌ನ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೆ ಅನೇಕ ಟಿವಿಗಳಲ್ಲಿ ಇದು ಸರಿಹೋಗುತ್ತದೆ.

8. ಸಿಕ್ಕಿಸಿದ ಮೇಲೆ ಮೆನು ತೆರೆಯಿರಿ

ಸರಿಯಾದ ಕೇಬಲ್ ಹಾಕಿಯೂ ಸಾಮಾನ್ಯ ಚಿತ್ರ ನೋಡುತ್ತಿರುವವರು ಬಹಳ. ಅನೇಕ ಟಿವಿಗಳು ಹಳೆಯ ಸಾಧನಗಳೊಂದಿಗೆ ಜಗಳ ಬೇಡವೆಂದು ಎಚ್‌ಡಿಎಂಐ ಪೋರ್ಟ್‌ಗಳನ್ನು ಕಡಿಮೆ ವೇಗದಲ್ಲಿ ಇಟ್ಟು ಕಾರ್ಖಾನೆಯಿಂದ ಹೊರಬರುತ್ತವೆ. ಪೂರ್ಣ ವೇಗವನ್ನು ನೀವೇ ಪೋರ್ಟ್ ಪೋರ್ಟಿಗೂ ಚಾಲೂ ಮಾಡಬೇಕು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್ ಎಂಬ ಹೆಸರಿನಲ್ಲಿ ಹುಡುಕಿ. ಇದನ್ನು ಮಾಡದಿದ್ದರೆ ಬೆಳಕು-ಕತ್ತಲಿನ ಅಂತರವನ್ನು ಹೆಚ್ಚು ತೋರಿಸುವ ಎಚ್‌ಡಿಆರ್ ಚಿತ್ರ ಬರುವುದಿಲ್ಲ, ಬಂದರೂ ಅರೆಬರೆ.

ಸಾಧನದ ಮೆನುವನ್ನೂ ತೆರೆಯಿರಿ. ಎಚ್‌ಡಿ ಸೆಟ್‌ಟಾಪ್ ಬಾಕ್ಸ್ 576 ಸಾಲಿನ ಚಿತ್ರ ಕಳಿಸುವಂತೆ ಹೊಂದಿಸಿಟ್ಟಿದ್ದರೆ ಹೊಸ ಕೇಬಲ್ ಏನೂ ಮಾಡಲಾರದು; ಔಟ್‌ಪುಟ್ಟನ್ನು 1080ಕ್ಕೆ ಏರಿಸಿ. ವಾಹಿನಿಯ ಎಚ್‌ಡಿ ಆವೃತ್ತಿಯನ್ನೇ ನೋಡುತ್ತಿದ್ದೀರಾ ಎಂಬುದನ್ನೂ ಪರೀಕ್ಷಿಸಿ. ಚಿತ್ರದ ಅಂಚು ಕತ್ತರಿಸಿದಂತಿದ್ದರೆ, ಸುದ್ದಿಯ ಪಟ್ಟಿ ಅರ್ಧ ಮುಚ್ಚಿದ್ದರೆ, ಅದು ಓವರ್‌ಸ್ಕ್ಯಾನ್. ಚಿತ್ರದ ಗಾತ್ರದ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಫಿಟ್ ಟು ಸ್ಕ್ರೀನ್ ಎಂಬಂಥ ಆಯ್ಕೆ ಇರುತ್ತದೆ.

9. ಚಿತ್ರವೇ ಬಾರದಿದ್ದರೆ

ಮೊದಲು ರಿಮೋಟ್‌ನಲ್ಲಿ ಆರಿಸಿದ ಇನ್‌ಪುಟ್ ಸಂಖ್ಯೆಯೂ ಪ್ಲಗ್ ಹಾಕಿದ ಪೋರ್ಟ್ ಸಂಖ್ಯೆಯೂ ಒಂದೇ ಇದೆಯೇ ನೋಡಿ. ನಂತರ ಎರಡೂ ಸಾಧನಗಳ ವಿದ್ಯುತ್ ತೆಗೆದು, ಒಂದು ನಿಮಿಷ ಬಿಟ್ಟು, ಮೊದಲು ಟಿವಿ, ಆಮೇಲೆ ಸಾಧನ ಚಾಲೂ ಮಾಡಿ. ಇವೆರಡೂ ಪರಸ್ಪರ ಪರಿಚಯ ಮಾಡಿಕೊಂಡ ಮೇಲೆಯೇ ಚಿತ್ರ ಹರಿಯುವುದು, ಆ ಪರಿಚಯ ಕೆಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಆಗಲೂ ಬಾರದಿದ್ದರೆ ಇನ್ನೊಂದು ಚಿಕ್ಕ ಕೇಬಲ್ ಹಾಕಿ, ಬೇರೆ ಪೋರ್ಟಿಗೆ ಹಾಕಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ.

4ಕೆ ಸಿನಿಮಾಗೆ ಮಾತ್ರ ಪರದೆ ಕಪ್ಪಾಗುತ್ತಿದ್ದರೆ, ಅಥವಾ 1080ಕ್ಕೆ ಇಳಿಯುತ್ತಿದ್ದರೆ, ನಡುವೆ ಹಳೆಯ ಆಂಪ್ಲಿಫೈಯರೋ ಎಚ್‌ಡಿಎಂಐ ಸ್ವಿಚ್ಚೋ ಇದೆಯೇ ನೋಡಿ. ನಕಲು ತಡೆಯುವ ಎಚ್‌ಡಿಸಿಪಿ 2.2 ರಕ್ಷಣೆಯನ್ನು ದಾರಿಯ ಪ್ರತಿ ಸಾಧನವೂ ಒಪ್ಪಬೇಕು. ಒಪ್ಪದ ಹಳೆಯ ಪೆಟ್ಟಿಗೆಯನ್ನು ಬದಿಗಿಟ್ಟು ಸಾಧನವನ್ನು ನೇರ ಟಿವಿಗೆ ಜೋಡಿಸಿ, ಧ್ವನಿಯನ್ನು ಎಆರ್‌ಸಿ ಮೂಲಕ ಹೊರಗೆ ತನ್ನಿ.

ಸ್ಟ್ರೀಮಿಂಗ್ ಸ್ಟಿಕ್ ಆಗಾಗ ತಾನಾಗಿಯೇ ಮರುಚಾಲೂ ಆಗುತ್ತಿದ್ದರೆ ಅದರ ವಿದ್ಯುತ್ತನ್ನು ಟಿವಿಯ ಯುಎಸ್‌ಬಿಯಿಂದ ತೆಗೆಯಬೇಡಿ, ಜೊತೆಗೆ ಬಂದ ಅಡಾಪ್ಟರ್ ಬಳಸಿ. ಪೋರ್ಟ್ ಸಾಲದಿದ್ದರೆ ಕೊಳ್ಳಬೇಕಾದದ್ದು ಸ್ವಿಚ್: ಹಲವು ಸಾಧನ, ಒಂದು ಟಿವಿ. ಸ್ಪ್ಲಿಟರ್ ಎಂದು ಕೇಳಿದರೆ ಒಂದು ಸಾಧನವನ್ನು ಹಲವು ಟಿವಿಗೆ ಹಂಚುವ ಪೆಟ್ಟಿಗೆ ಕೈಗೆ ಬರುತ್ತದೆ.

ಎಲ್ಲ ಸರಿಹೋದ ಮೇಲೆ ಪ್ರತಿ ಕೇಬಲ್‌ನ ಎರಡೂ ತುದಿಗೆ ಚೀಟಿ ಅಂಟಿಸಿ, ಸಾಧನದ ಹೆಸರು, ಪೋರ್ಟ್ ಸಂಖ್ಯೆ ಬರೆಯಿರಿ. ಅಲ್ಟ್ರಾ ಹೈ ಸ್ಪೀಡ್ ಯಾವುದು ಎಂಬುದನ್ನೂ ಗುರುತು ಮಾಡಿ, ಇಲ್ಲದಿದ್ದರೆ ಮುಂದಿನ ಸಲ ಅದು ಸೆಟ್‌ಟಾಪ್ ಬಾಕ್ಸಿಗೆ ಹೋಗಿ ಕೂರುತ್ತದೆ.